ಬಾಡಿಗೆ ಸರ್ವರಿನಲ್ಲಿ ಸ್ವಂತ ಎಸ್‌ಎಸ್‌ಎಚ್: ಗಡಿನಾಡಿನ ಒಂದು ಧ್ವನಿ ಭಂಡಾರದ ಪ್ರಕರಣ

ಹಿನ್ನೆಲೆ

ಕಾಸರಗೋಡು ಜಿಲ್ಲೆಯ ಉತ್ತರಕ್ಕೆ, ಕುಂಬಳೆಯಿಂದ ಒಳಗೆ ಹೋಗುವ ದಾರಿಯಲ್ಲಿ ಒಂದು ಊರು. ಪ್ರಸಂಗಕರ್ತ ಪಾರ್ತಿಸುಬ್ಬನ ಹೆಸರು ಬೆಸೆದುಕೊಂಡಿರುವ ಸೀಮೆ ಅದು, ಯಕ್ಷಗಾನ ತಾಳಮದ್ದಳೆಗೆ ಅಲ್ಲಿ ಕೇಳುಗರ ಬರವಿಲ್ಲ. ಅಲ್ಲಿನ ಸಣ್ಣ ಟ್ರಸ್ಟ್ ಒಂದು ಮನೆಮನೆಯ ಅಟ್ಟದಲ್ಲಿ ಉಳಿದಿರುವ ತಾಳಮದ್ದಳೆ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸಿ, ಎಲ್ಲರಿಗೂ ಕೇಳಸಿಗುವಂತೆ ಮಾಡುವ ಕೆಲಸ ಹಿಡಿದಿದೆ. ಊರು, ಟ್ರಸ್ಟ್, ಹೋಸ್ಟಿಂಗ್ ಕಂಪನಿ ಯಾವುದರ ಹೆಸರನ್ನೂ ಇಲ್ಲಿ ಹೇಳಿಲ್ಲ. ಗುರುತು ಹಿಡಿಯಬಹುದಾದ ಸಣ್ಣಪುಟ್ಟ ವಿವರಗಳನ್ನು ಬದಲಿಸಲಾಗಿದೆ. ತಾಂತ್ರಿಕ ಸಂಗತಿಗಳು ಮಾತ್ರ ಇದ್ದದ್ದು ಇದ್ದ ಹಾಗೆ.

ಕ್ಯಾಸೆಟ್ ಇಳಿಸುವವರು ನಾಲ್ವರು, ನಾಲ್ಕು ಊರಿನವರು. ಒಬ್ಬರು ಕನ್ನಡ ಮಾಧ್ಯಮ ಶಾಲೆಯಿಂದ ನಿವೃತ್ತರಾದ ಮಾಷ್ಟ್ರು, ಒಬ್ಬರು ಅಡಿಕೆ ತೋಟದವರು, ಒಬ್ಬಾಕೆ ಗ್ರಂಥಾಲಯದಲ್ಲಿ ಕೆಲಸ ಮಾಡುವವರು, ಇನ್ನೊಬ್ಬರು ಮಂಗಳೂರಿಗೆ ಹೋಗಿ ಬರುವ ಉದ್ಯೋಗಿ. ಇವರಲ್ಲದೆ ತಾಂತ್ರಿಕ ಹೊಣೆ ಹೊತ್ತ ಒಬ್ಬ ಯುವಕ. ಎಲ್ಲರೂ ಸ್ವಯಂಸೇವಕರು. ಟ್ರಸ್ಟಿನ ಕೈಯಲ್ಲಿ ಇದ್ದದ್ದು ವರ್ಷಕ್ಕೊಮ್ಮೆ ದುಡ್ಡು ಕಟ್ಟುವ, ಒಂದೇ ಸರ್ವರನ್ನು ಹಲವು ಬಾಡಿಗೆದಾರರು ಹಂಚಿಕೊಳ್ಳುವ ಒಂದು ಶೇರ್ಡ್ ಹೋಸ್ಟಿಂಗ್ ಖಾತೆ: ವೆಬ್‌ಸೈಟು, ಎಫ್‌ಟಿಪಿ (ಕಡತ ಕಳಿಸುವ ಹಳೆಯ ವಿಧಾನ), ಡೇಟಾಬೇಸ್, ಕ್ರಾನ್ (ಗೊತ್ತುಮಾಡಿದ ಹೊತ್ತಿಗೆ ಕೆಲಸ ಓಡಿಸುವ ಸೌಲಭ್ಯ). ಎಸ್‌ಎಸ್‌ಎಚ್, ಅಂದರೆ ದೂರದ ಸರ್ವರಿನೊಳಗೆ ಸುರಕ್ಷಿತವಾಗಿ ಹೋಗುವ ದಾರಿ, ಇರಲಿಲ್ಲ.

ಕಡತಗಳ ಗಾತ್ರವನ್ನು ಮೊದಲು ಲೆಕ್ಕ ಹಾಕಿಕೊಂಡರೆ ಮುಂದಿನ ತೀರ್ಮಾನಗಳು ಅರ್ಥವಾಗುತ್ತವೆ. 44.1 ಕಿಲೋಹರ್ಟ್ಸ್, 16 ಬಿಟ್, ಸ್ಟೀರಿಯೋ ಧ್ವನಿ ಸೆಕೆಂಡಿಗೆ 1,76,400 ಬೈಟ್ ತಿನ್ನುತ್ತದೆ. 90 ನಿಮಿಷದ ಒಂದು ಕ್ಯಾಸೆಟ್ ಸುಮಾರು 950 ಎಂಬಿ ಆಗುತ್ತದೆ. ಧ್ವನಿ ಕೆಡಿಸದೆ ಕುಗ್ಗಿಸುವ ಫ್ಲಾಕ್ ಮಾಡಿದರೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. 128 ಕೆಬಿಪಿಎಸ್ ಎಂಪಿ3 ಮಾಡಿದರೆ 86 ಎಂಬಿ. ರಾತ್ರಿಯಿಡೀ ನಡೆದ ಒಂದು ಪ್ರಸಂಗವೆಂದರೆ ನಾಲ್ಕೈದು ಕ್ಯಾಸೆಟ್. 500 ಎಂಬಿಯ ಒಂದು ಫ್ಲಾಕ್ ಕಡತ 5 ಎಂಬಿಪಿಎಸ್ ಅಪ್‌ಲೋಡ್ ವೇಗದಲ್ಲಿ ಕಾಲು ಗಂಟೆಯೊಳಗೆ ಹೋಗುತ್ತದೆ. 1 ಎಂಬಿಪಿಎಸ್‌ಗೆ ಇಳಿದರೆ ಒಂದು ಗಂಟೆ ಮೀರುತ್ತದೆ. ಆ ಒಂದು ಗಂಟೆಯೊಳಗೆ ಮಳೆಗಾಲದಲ್ಲಿ ಕರೆಂಟ್ ಎಷ್ಟು ಸಲ ಹೋಗುತ್ತದೆ ಎಂಬುದು ಅಲ್ಲಿರುವವರಿಗೆ ಗೊತ್ತು. ಸಿಡಿಲು ಶುರುವಾದರೆ ಮೋಡೆಮಿನ ಪ್ಲಗ್ ಕಿತ್ತಿಡುವುದೇ ಅಲ್ಲಿ ವಾಡಿಕೆ.

ತೊಂದರೆ

ನಾಲ್ವರೂ ಒಂದೇ ಎಫ್‌ಟಿಪಿ ಪಾಸ್‌ವರ್ಡ್ ಬಳಸುತ್ತಿದ್ದರು. ಅದೇ ಹೋಸ್ಟಿಂಗ್ ನಿಯಂತ್ರಣ ಫಲಕದ ಪಾಸ್‌ವರ್ಡ್ ಕೂಡ ಆಗಿತ್ತು. ಟಿಎಲ್‌ಎಸ್ ಎಂಬ ಗೂಢಲಿಪಿಯ ರಕ್ಷಣೆ ಇಲ್ಲದ ಎಫ್‌ಟಿಪಿ ಅದನ್ನು ದಾರಿಯುದ್ದಕ್ಕೂ ಯಾರು ಬೇಕಾದರೂ ಓದಬಹುದಾದ ಅಕ್ಷರದಲ್ಲಿ ಕಳಿಸುತ್ತದೆ. ಅಪ್‌ಲೋಡ್ ನಡುವೆ ನಿಂತರೆ ಅರ್ಧ ಕಡತ ಪೂರ್ತಿ ಹೆಸರಿನಲ್ಲೇ ಸರ್ವರಿನಲ್ಲಿ ಕೂರುತ್ತಿತ್ತು, ವೆಬ್‌ಸೈಟ್ ಅದನ್ನೇ ಕೇಳುಗರಿಗೆ ಬಡಿಸುತ್ತಿತ್ತು. ‘ಕರ್ಣಪರ್ವ ಅರ್ಧಕ್ಕೇ ನಿಂತಿತು’ ಎಂದು ಕೇಳುಗರೊಬ್ಬರು ಬರೆದಾಗಲೇ ವಿಷಯ ಗೊತ್ತಾದದ್ದು.

ಮನೆಯ ಕಂಪ್ಯೂಟರಿನಲ್ಲೇ ಸರ್ವರ್ ನಡೆಸುವ ದಾರಿ ಮೊದಲೇ ಮುಚ್ಚಿತ್ತು. ಆ ಕಡೆಯ ಸಂಪರ್ಕಗಳು ಸಿಜಿನ್ಯಾಟ್ ಹಿಂದೆ ಇದ್ದವು. ಅಂದರೆ ನೂರಾರು ಮನೆಗಳಿಗೆ ಒಂದೇ ಹೊರ ವಿಳಾಸ, ಹೊರಗಿನಿಂದ ಒಳಗೆ ಬರುವ ಸಂಪರ್ಕಕ್ಕೆ ಜಾಗವಿಲ್ಲ. ಇದನ್ನು ಕಂಡುಹಿಡಿಯುವುದು ಸುಲಭ: ರೌಟರಿನ ವ್ಯಾನ್ (ಹೊರಬದಿಯ) ವಿಳಾಸ 100.64ರಿಂದ 100.127ರೊಳಗೆ ಶುರುವಾದರೆ ಸಿಜಿನ್ಯಾಟ್ ಇದೆ ಎಂದೇ ಅರ್ಥ.

ಹೀಗಾಗಿ ಯುವಕ ಒಂದು ತೀರ್ಮಾನಕ್ಕೆ ಬಂದ: ಹೋಸ್ಟಿಂಗ್ ಖಾತೆಯೊಳಗೇ ನಮ್ಮದೊಂದು ಎಸ್‌ಎಸ್‌ಎಚ್ ಸರ್ವರ್ ಎಬ್ಬಿಸೋಣ, ಪ್ರತಿಯೊಬ್ಬರಿಗೂ ಅವರದೇ ಕೀ (ಪಾಸ್‌ವರ್ಡ್ ಬದಲಿನ ಡಿಜಿಟಲ್ ಬೀಗದಕೈ) ಕೊಡೋಣ. ಈ ತೀರ್ಮಾನದ ಮುಂಚೆ ಹೋಸ್ಟಿಂಗ್ ಕಂಪನಿಗೆ ಒಂದು ಸಾಲು ಬರೆದು ‘ಎಸ್‌ಎಸ್‌ಎಚ್ ಕೊಡುತ್ತೀರಾ’ ಎಂದು ಕೇಳಬೇಕಿತ್ತು. ಕೇಳಲಿಲ್ಲ. ಇಡೀ ಪ್ರಕರಣದಲ್ಲಿ ಅತಿ ದುಬಾರಿಯಾದ ತಪ್ಪು ಇದೇ.

ರೂಟ್ ಇಲ್ಲದ ಸರ್ವರ್

ಸಾಮಾನ್ಯ ಬಳಕೆದಾರನ ಹಕ್ಕಿನಲ್ಲಿ ಎಸ್‌ಎಸ್‌ಎಚ್ ಸರ್ವರ್ ನಡೆಸಲು ಲಿನಕ್ಸ್ ಅಡ್ಡಿ ಮಾಡುವುದಿಲ್ಲ, ಆದರೆ ಕೆಲವು ಕಟ್ಟುಪಾಡುಗಳಿವೆ. 1024ಕ್ಕಿಂತ ಕೆಳಗಿನ ಪೋರ್ಟ್ (ಸರ್ವರಿನ ಬಾಗಿಲ ಸಂಖ್ಯೆ) ರೂಟ್‌ಗೆ, ಅಂದರೆ ಯಂತ್ರದ ಪೂರ್ಣ ಅಧಿಕಾರದ ಖಾತೆಗೆ, ಮೀಸಲು. ಹಾಗಾಗಿ ಎಸ್‌ಎಸ್‌ಎಚ್‌ನ ಮಾಮೂಲು ಪೋರ್ಟ್ 22 ಸಿಗುವುದಿಲ್ಲ. ಪಾಸ್‌ವರ್ಡ್ ಪರೀಕ್ಷಿಸಲು ಬೇಕಾದ ಶ್ಯಾಡೋ ಕಡತ ಓದಲಾಗದು. ಹಾಗಾಗಿ ಪಬ್ಲಿಕ್ ಕೀ ಒಂದೇ ಗತಿ. ಆ ಸರ್ವರಿನ ಮೂಲಕ ಬರುವವರೆಲ್ಲ ಅದೇ ಒಬ್ಬ ಬಳಕೆದಾರನಾಗಿಯೇ ಒಳಬರುತ್ತಾರೆ. ನಾಲ್ಕು ಕೀ ಇದ್ದರೂ ಖಾತೆ ಒಂದೇ. ಈ ಕೊನೆಯ ಸಂಗತಿಯನ್ನು ಯುವಕ ಓದಿದ್ದ, ಆದರೆ ಅದರ ಭಾರ ಆಗ ತಟ್ಟಲಿಲ್ಲ.

ಮೊದಲು ಹಿಡಿದದ್ದು ಡ್ರಾಪ್‌ಬೇರ್. ಸಣ್ಣ ಎಸ್‌ಎಸ್‌ಎಚ್ ಸರ್ವರ್ ಪ್ರೋಗ್ರಾಂ, ಬೇರೆ ಲೈಬ್ರರಿಗಳ ಹಂಗಿಲ್ಲದೆ ಸ್ಟ್ಯಾಟಿಕ್ ಆಗಿ ಕಟ್ಟಬಹುದು. ಮನೆಯ ಲ್ಯಾಪ್‌ಟಾಪಿನಲ್ಲಿ ಕಟ್ಟಿ, ಎಫ್‌ಟಿಪಿಯಲ್ಲಿ ಏರಿಸಿ, ಕ್ರಾನ್‌ನಿಂದ ಓಡಿಸಿದ. ಮೊದಲ ಸಲ ಟೆಂಪ್ ಫೋಲ್ಡರಿನಲ್ಲಿ ಇಟ್ಟಿದ್ದರಿಂದ ಅನುಮತಿ ಇಲ್ಲವೆಂಬ ದೂರು ಬಂತು. ಹೋಸ್ಟಿಂಗ್ ಸರ್ವರುಗಳಲ್ಲಿ ಟೆಂಪ್ ಫೋಲ್ಡರನ್ನು ಸಾಮಾನ್ಯವಾಗಿ ನೋಎಕ್ಸೆಕ್ ಎಂದು ಜೋಡಿಸಿರುತ್ತಾರೆ, ಅಲ್ಲಿಂದ ಯಾವ ಪ್ರೋಗ್ರಾಮೂ ಓಡುವುದಿಲ್ಲ. ಹೋಮ್ ಫೋಲ್ಡರಿಗೆ ಸರಿಸಿದಾಗ ಓಡಿತು. ಆದರೆ ಲಾಗಿನ್ ಆಗಲಿಲ್ಲ. ಬಳಕೆದಾರನ ಶೆಲ್ (ಆಜ್ಞೆಗಳನ್ನು ಕೇಳಿ ನಡೆಸುವ ಪ್ರೋಗ್ರಾಂ) ಸರಿಯಿಲ್ಲ ಎಂದು ಲಾಗ್ ಹೇಳಿತು. ಎಸ್‌ಎಸ್‌ಎಚ್ ಕೊಡದ ಖಾತೆಗಳಿಗೆ ಹೋಸ್ಟಿಂಗಿನವರು ನಿಜವಾದ ಶೆಲ್ ಬದಲು ‘ಇಲ್ಲಿ ಶೆಲ್ ಇಲ್ಲ’ ಎಂದು ಹೇಳಿ ಮುಚ್ಚಿಕೊಳ್ಳುವ ಕಿರು ಪ್ರೋಗ್ರಾಂ ಕಟ್ಟಿರುತ್ತಾರೆ. ಸರ್ವರಿನ ಅಂಗೀಕೃತ ಶೆಲ್‌ಗಳ ಪಟ್ಟಿಯಲ್ಲಿ ಅದು ಇಲ್ಲದಿದ್ದರೆ ಡ್ರಾಪ್‌ಬೇರ್ ಅಂಥ ಬಳಕೆದಾರನನ್ನು ಬಾಗಿಲಲ್ಲೇ ತಿರುಗಿಸಿ ಕಳಿಸುತ್ತದೆ. ಮೇಲಾಗಿ ಡ್ರಾಪ್‌ಬೇರಿನಲ್ಲಿ ಎಸ್‌ಎಸ್‌ಎಚ್ ಮೇಲೆ ಕಡತ ಸಾಗಿಸುವ ಎಸ್‌ಎಫ್‌ಟಿಪಿ ಸರ್ವರ್ ಒಳಗೊಂಡಿಲ್ಲ, ಅದಕ್ಕೆ ಇನ್ನೊಂದು ಎಸ್‌ಎಸ್‌ಎಚ್ ಸರ್ವರಾದ ಓಪನ್‌ಎಸ್‌ಎಸ್‌ಎಚ್‌ನ ಭಾಗವನ್ನು ಬೇರೆಯಾಗಿ ತಂದಿಡಬೇಕು.

ಇದೇ ಕಾರಣಕ್ಕೆ ಓಪನ್‌ಎಸ್‌ಎಸ್‌ಎಚ್ ಕಡೆ ಹೊರಳಬೇಕಾಯಿತು, ಮತ್ತು ಅದು ನಿಜಕ್ಕೂ ಚೆನ್ನಾಗಿ ಯೋಚಿಸಿದ ಹೆಜ್ಜೆ. ಅದರ ‘ಇಂಟರ್ನಲ್-ಎಸ್‌ಎಫ್‌ಟಿಪಿ’ ಸರ್ವರಿನ ಹೊಟ್ಟೆಯೊಳಗೇ ಇದೆ, ಓಡಲು ಬಳಕೆದಾರನ ಶೆಲ್ ಬೇಕಾಗಿಲ್ಲ. ಖಾತೆಯ ಶೆಲ್ ಹೆಸರಿಗೆ ಒಂದು ಪ್ರೋಗ್ರಾಂ ಇದ್ದು, ಅದು ಓಡಿಸಬಹುದಾದದ್ದಾಗಿದ್ದರೆ ಸಾಕು. ಟರ್ಮಿನಲ್ ಸಿಗುವುದಿಲ್ಲ, ಬದಲಾದ ಭಾಗವನ್ನಷ್ಟೇ ಕಳಿಸುವ ಆರ್‌ಸಿಂಕ್ ಸಿಗುವುದಿಲ್ಲ, ಆದರೆ ಕಡತ ಕಳಿಸಬಹುದು. ಬೇಕಾದದ್ದೂ ಅಷ್ಟೇ.

ಕಟ್ಟುವಾಗ ಮತ್ತೊಂದು ತೊಡಕು. ಉಬುಂಟು 22.04ರಲ್ಲಿ ಕಟ್ಟಿದ ಪ್ರೋಗ್ರಾಂ ಹೋಸ್ಟಿಂಗ್ ಸರ್ವರಿನಲ್ಲಿ ಜಿಲಿಬ್‌ಸಿ (ಲಿನಕ್ಸ್ ಪ್ರೋಗ್ರಾಂಗಳ ಮೂಲ ಲೈಬ್ರರಿ) 2.34 ಸಿಗಲಿಲ್ಲ ಎಂದು ನಿಂತಿತು. ಉಬುಂಟು 22.04ರ ಜಿಲಿಬ್‌ಸಿ 2.35; ಹೋಸ್ಟಿಂಗ್ ಸರ್ವರು ಆಲ್ಮಾಲಿನಕ್ಸ್ 8, ಅದರಲ್ಲಿ ಇರುವುದು 2.28. ಹೊಸ ಜಿಲಿಬ್‌ಸಿ ಮೇಲೆ ಕಟ್ಟಿದ್ದು ಹಳೆಯದರ ಮೇಲೆ ಓಡುತ್ತದೆಂಬ ಭರವಸೆಯಿಲ್ಲ, ಹಳೆಯದರ ಮೇಲೆ ಕಟ್ಟಿದ್ದು ಹೊಸದರ ಮೇಲೆ ಓಡುತ್ತದೆ. ಆಲ್ಮಾಲಿನಕ್ಸ್ 8ರ ಕಂಟೇನರಿನಲ್ಲಿ ಮರಳಿ ಕಟ್ಟಿದ. ಓಪನ್‌ಎಸ್‌ಎಸ್‌ಎಲ್ ಇಲ್ಲದೆ ಕಟ್ಟುವ ಆಯ್ಕೆ ಕೊಟ್ಟದ್ದರಿಂದ ಒಂದು ಲೈಬ್ರರಿಯ ತಲೆನೋವು ಕಡಿಮೆಯಾಯಿತು. ಹಾಗೆ ಕಟ್ಟಿದರೆ ಆರ್‌ಎಸ್‌ಎ ಕೀಗಳು ನಡೆಯುವುದಿಲ್ಲ, ಇಡಿ25519 ಕೀಗಳು ನಡೆಯುತ್ತವೆ. ನಾಲ್ವರಿಗೂ ಹೊಸ ಕೀ ಮಾಡುವುದೇ ಇದ್ದದ್ದರಿಂದ ಅಡ್ಡಿಯಾಗಲಿಲ್ಲ. ಕಟ್ಟುವಾಗಲೇ ಪ್ರಿಫಿಕ್ಸನ್ನು (ಪ್ರೋಗ್ರಾಂ ಕೂರುವ ಜಾಗವನ್ನು) ಹೋಮ್ ಫೋಲ್ಡರಿನ ಪೂರ್ಣ ವಿಳಾಸಕ್ಕೆ ಹೊಂದಿಸಬೇಕು: 9.8ನೇ ಆವೃತ್ತಿಯಿಂದ ಈಚೆಗೆ ಬಾಗಿಲು ಕಾಯುವ ಪ್ರೋಗ್ರಾಂ ಬೇರೆ, ಒಳಗಿನ ಸೆಷನ್ ನಡೆಸುವ ಪ್ರೋಗ್ರಾಂ ಬೇರೆ, ಮೊದಲನೆಯದು ಎರಡನೆಯದನ್ನು ಕಟ್ಟುವಾಗ ಬರೆದ ಜಾಗದಲ್ಲೇ ಹುಡುಕುತ್ತದೆ.

ಕಾನ್ಫಿಗ್ ಕಡತ ಹತ್ತು ಸಾಲು ಮೀರಲಿಲ್ಲ. ಪೋರ್ಟ್ 22022. ಹೋಸ್ಟ್ ಕೀ (ಸರ್ವರಿನ ಗುರುತು ಸಾರುವ ಕೀ) ಮತ್ತು ಪಿಐಡಿ ಕಡತ ಹೋಮ್ ಫೋಲ್ಡರಿನೊಳಗೆ, ಹೋಸ್ಟ್ ಕೀಗೆ ಅನುಮತಿ 600 (ಒಡೆಯ ಮಾತ್ರ ಓದಿ ಬರೆಯಬಹುದು). ಪಾಸ್‌ವರ್ಡ್ ಲಾಗಿನ್ ಇಲ್ಲ, ಪ್ಯಾಮ್ (ಲಿನಕ್ಸಿನ ಲಾಗಿನ್ ಪರೀಕ್ಷಾ ವ್ಯವಸ್ಥೆ) ಇಲ್ಲ, ಪೋರ್ಟ್ ಫಾರ್ವರ್ಡಿಂಗ್ ಇಲ್ಲ. ಎಸ್‌ಎಫ್‌ಟಿಪಿಗೆ ಇಂಟರ್ನಲ್. ಪ್ರೋಗ್ರಾಮನ್ನು ಕರೆಯುವಾಗ ಪೂರ್ಣ ವಿಳಾಸವನ್ನೇ ಬರೆಯಬೇಕು, ಬರಿ ಹೆಸರು ಬರೆದರೆ ಅದು ಶುರುವಾಗಲು ಒಪ್ಪುವುದಿಲ್ಲ. ಕ್ರಾನ್ ಐದು ನಿಮಿಷಕ್ಕೊಮ್ಮೆ ನೋಡುತ್ತದೆ. ಓಡುತ್ತಿದ್ದರೆ ಸುಮ್ಮನಿರುತ್ತದೆ, ಸತ್ತಿದ್ದರೆ ಎಬ್ಬಿಸುತ್ತದೆ. ಒಂದೇ ಸಮಯಕ್ಕೆ ಎರಡು ಪ್ರತಿ ಏಳದಂತೆ ಫ್ಲಾಕ್ ಬೀಗ (ಧ್ವನಿಯ ಫ್ಲಾಕ್ ಬೇರೆ, ಕಡತಕ್ಕೆ ಬೀಗ ಹಾಕುವ ಈ ಫ್ಲಾಕ್ ಬೇರೆ).

ಫೈರ್‌ವಾಲ್, ಮತ್ತು ತಪ್ಪು ಕಡೆಗೆ ತಿರುಗಿದ ದಾರಿ

ಸರ್ವರ್ ಎದ್ದಿತು, ಆದರೆ ಹೊರಗಿನಿಂದ ಸಂಪರ್ಕವಿಲ್ಲ. ಇಲ್ಲಿ ದೋಷ ಹುಡುಕಿದ ರೀತಿ ಅಚ್ಚುಕಟ್ಟಾಗಿತ್ತು. ಸಂಪರ್ಕ ನಿರಾಕರಿಸಿದೆ ಎಂದು ತಕ್ಷಣ ಉತ್ತರ ಬಂದರೆ ಆ ಪೋರ್ಟಿನಲ್ಲಿ ಯಾರೂ ಕೇಳಿಸಿಕೊಳ್ಳುತ್ತಿಲ್ಲ ಎಂದರ್ಥ. ಉತ್ತರವೇ ಇಲ್ಲದೆ ಕಾದು ಕಾದು ಟೈಮ್‌ಔಟ್ ಆದರೆ ಸಾಮಾನ್ಯವಾಗಿ ನಡುವಿನ ಫೈರ್‌ವಾಲ್ ಪ್ಯಾಕೆಟ್ ನುಂಗುತ್ತಿದೆ ಎಂದರ್ಥ. ಇಲ್ಲಿ ಆದದ್ದು ಎರಡನೆಯದು. ಖಚಿತಪಡಿಸಿಕೊಳ್ಳಲು ನಾಲ್ಕು ಸಾಲಿನ ಪಿಎಚ್‌ಪಿ ಪುಟದಿಂದ ಸರ್ವರಿನ ಒಳಗಿನಿಂದಲೇ 127.0.0.1ರ 22022 ತೆರೆದು ನೋಡಿದ: ಓಪನ್‌ಎಸ್‌ಎಸ್‌ಎಚ್‌ನ ಮೊದಲ ಸಾಲು ಸರಿಯಾಗಿ ಬಂತು. ಅಂದರೆ ಸರ್ವರ್ ಸರಿ, ಗೋಡೆ ಅಡ್ಡ.

ಇದೇ ಪರೀಕ್ಷೆ ಇನ್ನೊಂದನ್ನೂ ತೋರಿಸಿತ್ತು, ಆಗ ಯಾರ ಗಮನಕ್ಕೂ ಬರಲಿಲ್ಲ: ಆ 127.0.0.1 ಟ್ರಸ್ಟಿನದಲ್ಲ. ಶೇರ್ಡ್ ಹೋಸ್ಟಿಂಗಿನಲ್ಲಿ ಖಾತೆಗಳ ಕಡತಗಳನ್ನು ಬೇರೆ ಬೇರೆ ಇಟ್ಟರೂ ನೆಟ್‌ವರ್ಕ್ ಸಾಮಾನ್ಯವಾಗಿ ಒಂದೇ. ಅದೇ ಯಂತ್ರದಲ್ಲಿರುವ ಇನ್ನೂ ನೂರು ಬಾಡಿಗೆದಾರರ ಪಿಎಚ್‌ಪಿ ಪುಟಗಳೂ ಆ ಬಾಗಿಲು ತಟ್ಟಬಹುದಿತ್ತು.

ಯುವಕ ಇಲ್ಲಿ ನಿಲ್ಲಬೇಕಿತ್ತು. ಫೈರ್‌ವಾಲ್ ಹಾಕಿದವರು ಸರ್ವರಿನ ಯಜಮಾನರು. ಬಾಡಿಗೆದಾರರು ಹೊಸ ಬಾಗಿಲು ತೆರೆಯಬಾರದು ಎಂಬುದೇ ಅದರ ಅರ್ಥ. ಹಿಂದಿನಿಂದ ತಿರುಗಿ ನೋಡುವಾಗ ಇದು ಸ್ಪಷ್ಟವಾಗಿ ಕಾಣುತ್ತದೆ, ವಾರಗಟ್ಟಲೆ ರಾತ್ರಿ ಕೂತು ಮುಕ್ಕಾಲು ಪಾಲು ಗೆದ್ದವನಿಗೆ ಅಷ್ಟು ಸುಲಭವಾಗಿ ಕಾಣುವುದಿಲ್ಲ. ಪ್ಯಾಸಿವ್ ಎಫ್‌ಟಿಪಿ ಕೆಲಸ ಮಾಡುತ್ತಿದೆಯೆಂದರೆ ಅದರ ಡೇಟಾ ಸಂಪರ್ಕಗಳಿಗಾಗಿ ಒಂದು ಪೋರ್ಟ್ ಸಾಲು ತೆರೆದಿರಲೇಬೇಕು ಎಂದು ಅವನಿಗೆ ಹೊಳೆಯಿತು. ಎಫ್‌ಟಿಪಿ ಲಾಗ್ ನೋಡಿದರೆ ಸಿಗುತ್ತದೆ: ಈ ಸರ್ವರಿನಲ್ಲಿ 49152ರಿಂದ 65534. ಪೋರ್ಟನ್ನು 50022ಕ್ಕೆ ಬದಲಿಸಿದ. ಸಂಪರ್ಕ ಬಂತು.

ನಾಲ್ವರಿಗೂ ಕಡತ ಕಳಿಸುವ ವಿನ್‌ಎಸ್‌ಸಿಪಿ ಪ್ರೋಗ್ರಾಂ ಹಾಕಿಕೊಟ್ಟ. ಅದರ ಒಂದು ಗುಣ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ: ಎಸ್‌ಎಫ್‌ಟಿಪಿಯಲ್ಲಿ 100 ಕೆಬಿಗಿಂತ ದೊಡ್ಡ ಕಡತವನ್ನು ಕಳಿಸುವಾಗ ಹೆಸರಿನ ಕೊನೆಗೆ ‘ಫೈಲ್‌ಪಾರ್ಟ್’ ಎಂದು ಸೇರಿಸಿಡುತ್ತದೆ. ಪೂರ್ತಿ ಮುಟ್ಟಿದ ಮೇಲಷ್ಟೇ ನಿಜ ಹೆಸರು. ಕರೆಂಟ್ ಹೋಗಿ ಬಂದರೆ ನಿಂತಲ್ಲಿಂದ ಮುಂದುವರಿಸುತ್ತದೆ. ಅರ್ಧ ಪ್ರಸಂಗ ಕೇಳುಗರಿಗೆ ಹೋಗುವುದು ಅಂದಿಗೆ ನಿಂತಿತು. ಏಳು ವಾರ ಎಲ್ಲವೂ ಸುಸೂತ್ರ.

ನಡುರಾತ್ರಿ ಸಾಯುವ ಪ್ರೋಸೆಸ್

ಸುಸೂತ್ರ ಎಂದು ನಾಲ್ವರಿಗೆ ಕಂಡಿತಷ್ಟೇ. ಲಾಗ್‌ನಲ್ಲಿ ಬೇರೆಯೇ ಕಥೆಯಿತ್ತು. ಸರ್ವರ್ ದಿನಕ್ಕೆ ಒಂದೆರಡು ಸಲ ಸಾಯುತ್ತಿತ್ತು. ಮರ್ಯಾದೆಯಿಂದ ನಿಲ್ಲಿಸಿದಾಗ ಓಪನ್‌ಎಸ್‌ಎಸ್‌ಎಚ್ ‘ಸಿಗ್ನಲ್ 15 ಬಂತು, ನಿಲ್ಲುತ್ತಿದ್ದೇನೆ’ ಎಂಬ ಅರ್ಥದ ಒಂದು ಸಾಲು ಬರೆದೇ ನಿಲ್ಲುತ್ತದೆ. ಇಲ್ಲಿ ಆ ಸಾಲಿರಲಿಲ್ಲ, ಲಾಗ್ ಥಟ್ಟನೆ ಕಡಿದಿತ್ತು. ಅಂದರೆ ಕೊನೆಯ ಮಾತಿಗೂ ಅವಕಾಶ ಕೊಡದೆ ಕೊಲ್ಲುವ ಸಿಗ್ನಲ್ 9: ಹೋಸ್ಟಿಂಗಿನವರ ಕಾವಲು ಪ್ರೋಗ್ರಾಂ ಹೆಚ್ಚು ಹೊತ್ತು ಓಡುವ ಪ್ರೋಸೆಸ್‌ಗಳನ್ನು ಕೊಲ್ಲುತ್ತಿತ್ತು. ಶೇರ್ಡ್ ಹೋಸ್ಟಿಂಗಿನಲ್ಲಿ ಇದು ಮಾಮೂಲು. ಪುಟವೊಂದನ್ನು ಬಡಿಸಿ ಮುಗಿಯುವ ಕೆಲಸಗಳಿಗಾಗಿ ಆ ಯಂತ್ರಗಳನ್ನು ಹೊಂದಿಸಿರುತ್ತಾರೆ, ದಿನವಿಡೀ ಕೂತು ಕಾಯುವ ಕೆಲಸಕ್ಕಲ್ಲ.

ಕ್ರಾನ್ ಐದು ನಿಮಿಷದೊಳಗೆ ಮರಳಿ ಎಬ್ಬಿಸುತ್ತಿದ್ದುದರಿಂದ ಯುವಕ ಇದನ್ನು ‘ಪರವಾಗಿಲ್ಲ’ ಎಂದು ಬಿಟ್ಟ. ಎರಡನೇ ದೊಡ್ಡ ತಪ್ಪು ಇಲ್ಲಿದೆ. ಸರ್ವರ್ ಸತ್ತಿರುವ ಆ ಐದು ನಿಮಿಷ 50022 ಯಾರದೂ ಅಲ್ಲ. ಯಂತ್ರದ ಯಾವ ಬಾಡಿಗೆದಾರನ ಪ್ರೋಗ್ರಾಂ ಬೇಕಾದರೂ ಅದನ್ನು ಹಿಡಿಯಬಹುದು, ಮೊದಲು ಬಂದವರಿಗೆ ಮೊದಲು. ಎಫ್‌ಟಿಪಿಯ ಡೇಟಾ ಸಂಪರ್ಕಕ್ಕೂ ಅದು ಹೋಗಬಹುದು. ಹೊರಹೋಗುವ ಸಂಪರ್ಕಗಳಿಗೆ ಲಿನಕ್ಸ್ ತಾನಾಗಿ ಹಂಚುವ 32768ರಿಂದ 60999ರ ಸಾಲಿನೊಳಗೂ ಅದು ಬೀಳುತ್ತದೆ. ಡೊಮೇನ್ ಹೆಸರು ಟ್ರಸ್ಟಿನದು, ಐಪಿ ವಿಳಾಸ ಎಲ್ಲರದು, ಪೋರ್ಟ್ ಸಿಕ್ಕವರದು. ಬಂದವರು ಸರಿಯಾದ ಬಾಗಿಲಿಗೆ ಬಂದಿದ್ದಾರೆ ಎಂದು ಹೇಳಬಲ್ಲ ವಸ್ತು ಒಂದೇ: ಹೋಸ್ಟ್ ಕೀ.

ಮಾಷ್ಟ್ರ ಫೋನು

ಒಂದು ಬೆಳಿಗ್ಗೆ ಮಾಷ್ಟ್ರು ಯುವಕನಿಗೆ ಫೋನ್ ಮಾಡಿದರು.

‘ಎಂತದೋ ದೊಡ್ಡ ಅಕ್ಷರದಲ್ಲಿ ವಾರ್ನಿಂಗ್ ಬಂದಿದೆ. ನಿನ್ನೆವರೆಗೆ ಇರ್ಲಿಲ್ಲ. ಅಪ್‌ಡೇಟ್ ಅಂತ ಒಂದು ಬಟನ್ ಉಂಟು, ಒತ್ತಿ ಬಿಡ್ಲಾ?’

‘ಬೇಡ ಮಾಷ್ಟ್ರೇ, ಕ್ಯಾನ್ಸಲ್ ಒತ್ತಿ. ಅದರಲ್ಲಿ ಫಿಂಗರ್‌ಪ್ರಿಂಟ್ ಅಂತ ಒಂದು ಉದ್ದ ಸಾಲು ಉಂಟಲ್ಲ, ಅದರ ಮೊದಲ ಎಂಟು ಅಕ್ಷರ ಓದಿ ಹೇಳ್ತೀರಾ?’

ಮಾಷ್ಟ್ರು ಓದಿದರು. ಟ್ರಸ್ಟಿನ ಹೋಸ್ಟ್ ಕೀಯ ಗುರುತಿಗೆ ಅದು ತಾಳೆಯಾಗಲಿಲ್ಲ. ಅವರು ಒತ್ತದೆ ಫೋನ್ ಮಾಡಿದ್ದೇ ಈ ಪ್ರಕರಣವನ್ನು ಉಳಿಸಿತು. ತೋಟದವರ ಕಂಪ್ಯೂಟರಿನಲ್ಲೂ ಹಿಂದಿನ ರಾತ್ರಿ ಅದೇ ಎಚ್ಚರಿಕೆ ಬಂದಿತ್ತು, ಅವರು ಅಪ್‌ಡೇಟ್ ಒತ್ತಿದ್ದರು. ಕೀ ಒಪ್ಪದೆ ಲಾಗಿನ್ ಆಗಿರಲಿಲ್ಲ. ನೆಟ್ಟು ಸರಿಯಿಲ್ಲ ಎಂದುಕೊಂಡು ಮಲಗಿದ್ದರು.

ಯುವಕ ಹಳೆಯ ಪಿಎಚ್‌ಪಿ ಪುಟದಿಂದ 50022 ತೆರೆದು ನೋಡಿದ. ಮೊದಲ ಸಾಲಿನಲ್ಲಿ ಓಪನ್‌ಎಸ್‌ಎಸ್‌ಎಚ್ ಬದಲು ಡ್ರಾಪ್‌ಬೇರ್ ಎಂದಿತ್ತು. ಟ್ರಸ್ಟಿನ ಲಾಗ್‌ನಲ್ಲಿ ರಾತ್ರಿಯಿಂದ ಐದೈದು ನಿಮಿಷಕ್ಕೊಮ್ಮೆ ಒಂದೇ ದೂರು: ವಿಳಾಸ ಈಗಾಗಲೇ ಬಳಕೆಯಲ್ಲಿದೆ. ಅದೇ ಯಂತ್ರದ ಇನ್ನೊಬ್ಬ ಬಾಡಿಗೆದಾರ ಇವನ ಹಾಗೆಯೇ ಯೋಚಿಸಿ, ಎಫ್‌ಟಿಪಿ ಸಾಲಿನಲ್ಲೇ 22ರಿಂದ ಮುಗಿಯುವ ನೆನಪಿಟ್ಟುಕೊಳ್ಳಲು ಸುಲಭದ ಪೋರ್ಟ್ ಆರಿಸಿದ್ದ ಎಂಬುದೇ ಹೆಚ್ಚು ಸಂಭವನೀಯ ವಿವರಣೆ. ಕೆಟ್ಟ ಉದ್ದೇಶ ಇತ್ತೆನ್ನಲು ಯಾವ ಕುರುಹೂ ಸಿಗಲಿಲ್ಲ.

ಆದರೆ ಉದ್ದೇಶ ಕೆಟ್ಟದಾಗಿದ್ದರೆ ಏನಾಗುತ್ತಿತ್ತು ಎಂದು ಇಂಥ ವ್ಯವಸ್ಥೆ ಮಾಡುವ ಪ್ರತಿಯೊಬ್ಬರೂ ಕೇಳಿಕೊಳ್ಳಲೇಬೇಕು. ಪಾಸ್‌ವರ್ಡ್ ಲಾಗಿನ್ ಇದ್ದಿದ್ದರೆ ತೋಟದವರ ಪಾಸ್‌ವರ್ಡ್ ಆ ರಾತ್ರಿಯೇ ಪರರ ಕೈಸೇರುತ್ತಿತ್ತು. ಯಾಕೆಂದರೆ ಪಾಸ್‌ವರ್ಡ್ ಸುರಂಗದ ಆಚೆ ತುದಿಗೆ ಹಾಗೆಯೇ ಮುಟ್ಟುತ್ತದೆ. ಆಚೆ ತುದಿಯಲ್ಲಿ ಯಾರಿದ್ದಾರೋ ಅವರು ಓದುತ್ತಾರೆ. ಪಬ್ಲಿಕ್ ಕೀಯಲ್ಲಿ ಹಾಗಲ್ಲ. ಖಾಸಗಿ ಕೀ ಕಂಪ್ಯೂಟರ್ ಬಿಟ್ಟು ಹೊರಡುವುದೇ ಇಲ್ಲ, ಹೋಗುವುದು ಒಂದು ಸಹಿ ಮಾತ್ರ. ಆ ಸಹಿಯೊಳಗೆ ಆ ಸೆಷನ್ನಿನದೇ ಗುರುತು ಬೆರೆತಿರುವುದರಿಂದ ಅದನ್ನು ಹಿಡಿದುಕೊಂಡು ನಿಜವಾದ ಸರ್ವರಿಗೆ ಹೋಗಿ ತೋರಿಸಿದರೂ ನಡೆಯುವುದಿಲ್ಲ. ಲಾಗಿನ್ ಕದಿಯಲಾಗದು. ಆದರೆ ಯಾವ ಕೀ ಬಂದರೂ ಒಪ್ಪಿಕೊಳ್ಳುವಂತೆ ಸರ್ವರ್ ಹೊಂದಿಸಿ ಕೂತವನಿಗೆ ಕಡತಗಳು ಸಲೀಸಾಗಿ ಸಿಗುತ್ತವೆ. ಮಾಷ್ಟ್ರು ಅಂದು ಕಳಿಸಬೇಕಿದ್ದ ಪ್ರಸಂಗ ಯಾರದೋ ಫೋಲ್ಡರಿಗೆ ಹೋಗಿ, ಇತ್ತ ‘ಯಶಸ್ವಿ’ ಎಂದು ಕಾಣುತ್ತಿತ್ತು.

ನೋಟಿಸು

ಎರಡೂ ಕಡೆಯ ಕ್ರಾನ್ ಪೋರ್ಟಿಗಾಗಿ ಗುದ್ದಾಡಿದ್ದು ಹೋಸ್ಟಿಂಗಿನವರ ಕಣ್ಣಿಗೆ ಬಿತ್ತು. ಮರುದಿನವೇ ಖಾತೆ ಅಮಾನತು. ವೆಬ್‌ಸೈಟ್ ಒಂದು ರಾತ್ರಿ ಮತ್ತು ಅರ್ಧ ದಿನ ಮುಚ್ಚಿತು. ಹಿನ್ನೆಲೆಯಲ್ಲಿ ನಿರಂತರ ಓಡುವ ಪ್ರೋಗ್ರಾಂ ನಡೆಸಬಾರದೆಂದು ಒಪ್ಪಂದದಲ್ಲಿ ಬರೆದಿದೆ ಎಂದು ಅವರು ತೋರಿಸಿದರು. ಬರೆದಿತ್ತು.

ಟ್ರಸ್ಟಿನ ಕಾರ್ಯದರ್ಶಿ ವಾದಕ್ಕಿಳಿಯದೆ ನಡೆದದ್ದನ್ನು ನಡೆದ ಹಾಗೆ ಬರೆದರು: ಏನು ಓಡಿಸಿದೆವು, ಯಾಕೆ ಓಡಿಸಿದೆವು, ಎಲ್ಲವನ್ನೂ ಅಳಿಸಿದ್ದೇವೆ, ನಮಗೆ ಬೇಕಾದದ್ದು ಇಷ್ಟು, ನಿಮ್ಮಲ್ಲಿ ದಾರಿ ಇದೆಯೇ. ಉತ್ತರದಲ್ಲಿ ಎರಡು ಸಂಗತಿಗಳಿದ್ದವು. ಕೇಳಿಕೊಂಡರೆ ಅದೇ ದರದಲ್ಲಿ ಖಾತೆಗೆ ಸೀಮಿತ ಶೆಲ್‌ನ ಎಸ್‌ಎಸ್‌ಎಚ್ ಕೊಡುತ್ತಾರೆ. ಒಂದೇ ಖಾತೆಯಡಿ ಬೇರೆ ಬೇರೆ ಹೆಸರಿನ, ಬೇರೆ ಬೇರೆ ಫೋಲ್ಡರಿಗೆ ಕಟ್ಟಿದ ಎಫ್‌ಟಿಪಿ ಬಳಕೆದಾರರನ್ನು ಮಾಡಿಕೊಳ್ಳಬಹುದು, ಅದು ಟಿಎಲ್‌ಎಸ್ ಮೇಲೆ ನಡೆಯುತ್ತದೆ. ಎರಡೂ ಮೊದಲಿನಿಂದ ಇದ್ದವು. ಇಷ್ಟೆಲ್ಲ ಕಟ್ಟಿದ್ದರ ಮುಕ್ಕಾಲು ಪ್ರಯೋಜನ ನಿಯಂತ್ರಣ ಫಲಕದಲ್ಲಿ ಹತ್ತು ನಿಮಿಷದ ಕೆಲಸವಾಗಿತ್ತು ಎಂಬುದನ್ನು ಬಚ್ಚಿಡದೆ ದಾಖಲಿಸಬೇಕು.

ಸೀಮಿತ ಶೆಲ್ ತೆಗೆದುಕೊಂಡು ಮುಗಿಸಬಹುದಿತ್ತು. ಆಗ ಹಿಂದೆ ತಟ್ಟದಿದ್ದ ಸಂಗತಿ ಎದುರಿಗೆ ಬಂತು: ನಾಲ್ವರೂ ಒಂದೇ ಬಳಕೆದಾರ. ಕೀಗಳ ಪಟ್ಟಿಯಲ್ಲಿ ಪ್ರತಿ ಕೀಗೂ ಎಸ್‌ಎಫ್‌ಟಿಪಿಯನ್ನೇ ಕಡ್ಡಾಯ ಮಾಡಿ, ಶುರುವಿನ ಫೋಲ್ಡರ್ ಬೇರೆ ಮಾಡಬಹುದು. ಆದರೆ ಅದು ಶುರುವಿನ ಜಾಗ ಮಾತ್ರ, ಬೇಲಿಯಲ್ಲ. ಒಂದು ಮೆಟ್ಟಿಲು ಮೇಲೆ ಹತ್ತಿದರೆ ವೆಬ್‌ಸೈಟೂ ಸಿಗುತ್ತದೆ, ಉಳಿದ ಮೂವರ ಕಡತಗಳೂ ಸಿಗುತ್ತವೆ. ನಿಜವಾದ ಬೇಲಿ ಹಾಕಲು ರೂಟ್ ಬೇಕು. ಟ್ರಸ್ಟ್ ಅಲ್ಲಿಗೆ ತಿಂಗಳಿಗೆ ಕೆಲವು ನೂರು ರೂಪಾಯಿಯ, 1 ಜಿಬಿ ಮೆಮೊರಿಯ ಒಂದು ವಿಪಿಎಸ್ (ರೂಟ್ ಹಕ್ಕು ಸಿಗುವ ವರ್ಚುವಲ್ ಸರ್ವರ್) ಪಡೆಯಲು ತೀರ್ಮಾನಿಸಿತು. ವೆಬ್‌ಸೈಟ್ ಇದ್ದಲ್ಲೇ ಇರಲಿ, ಕಡತಗಳು ಒಳಬರುವ ಬಾಗಿಲು ಮಾತ್ರ ನಮ್ಮ ಸ್ವಂತ ಯಂತ್ರದಲ್ಲಿರಲಿ ಎಂಬ ಈ ವಿಂಗಡಣೆ ಸರಿಯಾದದ್ದು. ವೆಬ್‌ಸೈಟನ್ನೂ ಎತ್ತಿಕೊಂಡು ಹೋಗಿದ್ದರೆ ಡೇಟಾಬೇಸ್, ಇಮೇಲ್, ಬ್ಯಾಕಪ್ ಎಲ್ಲವೂ ಒಬ್ಬ ಸ್ವಯಂಸೇವಕನ ಹೆಗಲಿಗೆ ಬೀಳುತ್ತಿತ್ತು.

ಈಗಿನ ವ್ಯವಸ್ಥೆ

ವಿಪಿಎಸ್‌ನಲ್ಲಿ ನಾಲ್ಕು ಬಳಕೆದಾರರು, ಎಲ್ಲರೂ ಒಂದು ಗುಂಪಿನವರು. ಆ ಗುಂಪಿಗೆ ಇಂಟರ್ನಲ್-ಎಸ್‌ಎಫ್‌ಟಿಪಿ ಕಡ್ಡಾಯ, ಪ್ರತಿಯೊಬ್ಬರಿಗೂ ಅವರವರ ಫೋಲ್ಡರಿನ ಕ್ರೂಟ್, ಅಂದರೆ ಅದರಾಚೆ ದಾಟಲಾಗದ ಬೇಲಿ. ಕ್ರೂಟ್ ಫೋಲ್ಡರ್ ಮತ್ತು ಅದರ ಮೇಲಿನ ಎಲ್ಲ ಫೋಲ್ಡರುಗಳೂ ರೂಟ್ ಒಡೆತನದಲ್ಲಿರಬೇಕು, ಬೇರೆ ಯಾರಿಗೂ ಬರೆಯುವ ಹಕ್ಕಿರಬಾರದು. ಇದು ತಪ್ಪಿದರೆ ಕೀ ಒಪ್ಪಿದ ಮರುಕ್ಷಣ ಸಂಪರ್ಕ ಕಡಿಯುತ್ತದೆ, ಕಾರಣ ಸರ್ವರಿನ ಲಾಗ್‌ನಲ್ಲಿ ಮಾತ್ರ ಕಾಣುತ್ತದೆ. ಹಾಗಾಗಿ ಒಳಗೆ ‘ಹೊಸತು’ ಎಂಬ ಇನ್ನೊಂದು ಫೋಲ್ಡರ್ ಮಾಡಿ, ಅದನ್ನು ಮಾತ್ರ ಬಳಕೆದಾರನ ಒಡೆತನಕ್ಕೆ ಕೊಡಲಾಗಿದೆ.

ಪಾಸ್‌ವರ್ಡ್ ಲಾಗಿನ್ ನಿಲ್ಲಿಸುವಲ್ಲಿ ಎರಡು ಕಡೆ ಕಾಲು ಜಾರುತ್ತದೆ. ಪಾಸ್‌ವರ್ಡ್ ಆಯ್ಕೆಗೆ ‘ನೋ’ ಬರೆದರೂ ಕೀಬೋರ್ಡ್-ಇಂಟರ್ಯಾಕ್ಟಿವ್ ಆಯ್ಕೆ ತೆರೆದಿದ್ದರೆ ಪ್ಯಾಮ್ ಮೂಲಕ ಅದೇ ಪಾಸ್‌ವರ್ಡ್ ನಡೆಯುತ್ತದೆ, ಎರಡಕ್ಕೂ ‘ನೋ’ ಬರೆಯಬೇಕು. ಎರಡನೆಯದು, ಎಸ್‌ಎಸ್‌ಎಚ್ ಕಾನ್ಫಿಗ್‌ನಲ್ಲಿ ಮೊದಲು ಸಿಕ್ಕ ಸಾಲೇ ಗೆಲ್ಲುತ್ತದೆ. ವಿಪಿಎಸ್ ಕೊಡುವವರ ಕ್ಲೌಡ್-ಇನಿಟ್ (ಹೊಸ ಸರ್ವರನ್ನು ಮೊದಲ ಸಲ ಹೊಂದಿಸುವ ಪ್ರೋಗ್ರಾಂ) ಬೇರೆ ಸಣ್ಣ ಕಡತದಲ್ಲಿ ಪಾಸ್‌ವರ್ಡ್‌ಗೆ ‘ಯೆಸ್’ ಬರೆದಿಟ್ಟಿರಬಹುದು, ಮುಖ್ಯ ಕಡತ ಅದನ್ನು ತನ್ನ ತಲೆಯಲ್ಲೇ ಸೇರಿಸಿಕೊಳ್ಳುತ್ತದೆ. ಆಗ ಕೆಳಗೆ ನೀವು ಬರೆದ ‘ನೋ’ ವ್ಯರ್ಥ. ಯಾವುದು ಜಾರಿಯಲ್ಲಿದೆ ಎಂದು ಎಸ್‌ಎಸ್‌ಎಚ್ ಸರ್ವರ್ ಪ್ರೋಗ್ರಾಂ ಎಸ್‌ಎಸ್‌ಎಚ್‌ಡಿಯನ್ನು ದೊಡ್ಡ ‘ಟಿ’ ಆಯ್ಕೆಯೊಡನೆ ಓಡಿಸಿ ನೋಡಬೇಕು. ಬದಲಾವಣೆ ಮಾಡುವಾಗ ತೆರೆದಿರುವ ಒಂದು ಸೆಷನ್ ಮುಚ್ಚದೆ, ಇನ್ನೊಂದು ಕಿಟಕಿಯಿಂದ ಹೊಸದಾಗಿ ಲಾಗಿನ್ ಆಗಿ ಪರೀಕ್ಷಿಸಬೇಕು.

ತಪ್ಪು ಲಾಗಿನ್ ಮರುಕಳಿಸಿದ ವಿಳಾಸಗಳನ್ನು ತಡೆಯುವ ಫೇಲ್2ಬ್ಯಾನ್ ಒಂದು ವಾರ ಇತ್ತು, ಆಮೇಲೆ ತೆಗೆದರು. ಗ್ರಂಥಾಲಯದ ಅಕ್ಕ ಬಳಕೆದಾರ ಹೆಸರನ್ನು ಕೆಲವು ಸಲ ತಪ್ಪಾಗಿ ಒತ್ತಿದಾಗ ಮಾಷ್ಟ್ರ ಬಾಗಿಲೂ ಮುಚ್ಚಿತು. ಇಬ್ಬರೂ ಒಂದೇ ಕೇಬಲ್‌ನವರ ಗ್ರಾಹಕರು, ಸಿಜಿನ್ಯಾಟ್‌ನಿಂದಾಗಿ ಹೊರಗೆ ಇಬ್ಬರಿಗೂ ಒಂದೇ ವಿಳಾಸ. ಪಾಸ್‌ವರ್ಡ್ ಲಾಗಿನ್ನೇ ಇಲ್ಲದ ಸರ್ವರಿನಲ್ಲಿ ಊಹೆಯ ದಾಳಿಗೆ ಫಲವಿಲ್ಲ, ಆದ್ದರಿಂದ ತೆಗೆದದ್ದು ಸರಿ. ಓಪನ್‌ಎಸ್‌ಎಸ್‌ಎಚ್ 9.8ರಿಂದ ಇಂಥದೇ ದಂಡದ ವ್ಯವಸ್ಥೆ ಒಳಗೇ ಬಂದಿದೆ, ತಾನಾಗಿ ಚಾಲೂ ಇರುತ್ತದೆ. ಸಿಜಿನ್ಯಾಟ್ ಹಿಂದಿನ ಬಳಕೆದಾರರಿದ್ದರೆ ಅದರ ಮೇಲೂ ಒಂದು ಕಣ್ಣಿಡಬೇಕು.

ರಾತ್ರಿ 2 ಗಂಟೆಗೆ ಒಂದು ಸ್ಕ್ರಿಪ್ಟ್ ‘ಹೊಸತು’ ಫೋಲ್ಡರುಗಳನ್ನು ನೋಡುತ್ತದೆ. ‘ಫೈಲ್‌ಪಾರ್ಟ್’ ಇರುವುದನ್ನು ಮುಟ್ಟುವುದಿಲ್ಲ. ಉಳಿದ ಫ್ಲಾಕ್ ಕಡತಗಳನ್ನು ಫ್ಲಾಕ್‌ನದೇ ಪರೀಕ್ಷಾ ಆಯ್ಕೆಯಿಂದ ಪರೀಕ್ಷಿಸುತ್ತದೆ. ಪ್ರತಿ ಕಡತದ ತಲೆಯಲ್ಲಿ ಮೂಲ ಧ್ವನಿಯ ಎಂಡಿ5 ಮೊತ್ತ (ತಾಳೆ ನೋಡುವ ಸಂಖ್ಯೆ) ಬರೆದಿರುವುದರಿಂದ ನಡುವೆ ಕೆಟ್ಟದ್ದು, ಅರ್ಧಕ್ಕೆ ನಿಂತದ್ದು ಅಲ್ಲೇ ಸಿಕ್ಕಿಬೀಳುತ್ತದೆ. ಸರಿಯಿರುವುದರಿಂದ ಎಂಪಿ3 ಮಾಡಿ, ಹೋಸ್ಟಿಂಗ್ ಖಾತೆಗೆ ಎಲ್‌ಎಫ್‌ಟಿಪಿ ಪ್ರೋಗ್ರಾಂ ಮೂಲಕ ಟಿಎಲ್‌ಎಸ್ ಮೇಲೆ ಕಳಿಸುತ್ತದೆ. ಫ್ಲಾಕ್‌ಗಳು ತಿಂಗಳಿಗೊಮ್ಮೆ ಎರಡು ಹಾರ್ಡ್ ಡಿಸ್ಕಿಗೆ ಇಳಿಯುತ್ತವೆ, ಒಂದು ಡಿಸ್ಕ್ ಬೇರೆ ಊರಿನಲ್ಲಿರುತ್ತದೆ.

ಹೋಸ್ಟ್ ಕೀಯ ಫಿಂಗರ್‌ಪ್ರಿಂಟನ್ನು ದಪ್ಪ ಅಕ್ಷರದಲ್ಲಿ, ನಾಲ್ಕು ನಾಲ್ಕು ಅಕ್ಷರಕ್ಕೊಂದು ಜಾಗ ಬಿಟ್ಟು, ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ನಾಲ್ವರಿಗೂ ಕೈಯಲ್ಲೇ ಕೊಟ್ಟಿದ್ದಾರೆ. ಕೆಳಗೆ ಎರಡು ಸಾಲು: ‘ಇದಕ್ಕೆ ತಾಳೆಯಾಗದಿದ್ದರೆ ಕ್ಯಾನ್ಸಲ್ ಒತ್ತಿ. ಫೋನ್ ಮಾಡಿ.’ ಮಾಷ್ಟ್ರ ಮನೆಯಲ್ಲಿ ಆ ಹಾಳೆ ಟೇಪ್ ಡೆಕ್ಕಿನ ಮೇಲಿನ ಗೋಡೆಯಲ್ಲಿದೆ, ಹೆಡ್ ಒರೆಸುವ ಸ್ಪಿರಿಟ್ ಬಾಟಲಿಯ ಪಕ್ಕ. ಮೊದಲ ಎಂಟು ಅಕ್ಷರದ ಕೆಳಗೆ ಅವರು ಕೆಂಪು ಪೆನ್ನಿನಲ್ಲಿ ಗೆರೆ ಎಳೆದಿದ್ದಾರೆ.